ಶಿವಮೊಗ್ಗದಿಂದ ಹೊರಡುವ ಕಾಲ್ಪನಿಕ ಪ್ರವಾಸ: ವಿದೇಶಿ ಭಾಷಾ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಫ್ರೆಂಚ್, ಜರ್ಮನ್, ಜಪಾನಿ ಕಲಿಸುವ ಶಾಲಾ-ಕಾಲೇಜು ಶಿಕ್ಷಕರಿಗೆ ಮತ್ತು ಮನೆಯಲ್ಲೇ ಟ್ಯೂಷನ್ ನಡೆಸುವವರಿಗೆ. ಉದಾಹರಣೆಗಳೆಲ್ಲ ಶಿವಮೊಗ್ಗದಿಂದ ಹೊರಟು ಶಿವಮೊಗ್ಗಕ್ಕೇ ವಾಪಸಾಗುವ ಪ್ರವಾಸಗಳದ್ದು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ, ಮುಂದಿನ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ: ಪರದೇಶದ ಸಂಸ್ಕೃತಿ ಮಕ್ಕಳಿಗೆ ತಿಳಿಯುವುದು ಅಲ್ಲಿನ ಕಟ್ಟಡ ನೋಡಿದಾಗಲ್ಲ, ಅಲ್ಲಿನ ಮನುಷ್ಯ ನಮ್ಮ ಮಾತಿಗೆ ಏನು ಮಾಡುತ್ತಾನೆ ಎಂದು ಕಂಡಾಗ.

ಕಾಲ್ಪನಿಕ ಪ್ರವಾಸ ಅಂದರೆ ಏನು? ಪ್ರೊಜೆಕ್ಟರ್‌ನಲ್ಲಿ ಪ್ಯಾರಿಸ್ ತೋರಿಸಿದರೆ ಸಾಲದೇ?

ಸಾಲದು. ವಿಡಿಯೊ ನೋಡುವಾಗ ವಿದ್ಯಾರ್ಥಿಗಳು ಏನನ್ನೂ ನಿರ್ಧರಿಸಬೇಕಾಗಿಲ್ಲ, ಬಾಯಿ ಬಿಡಬೇಕಾಗಿಲ್ಲ. ಕಾಲ್ಪನಿಕ ಪ್ರವಾಸದಲ್ಲಿ ತರಗತಿಯೇ ಹೊರಡುತ್ತದೆ. ವೀಸಾ ಅರ್ಜಿ ತುಂಬುತ್ತದೆ, ಟಿಕೆಟ್ ತೆಗೆಯುತ್ತದೆ, ರೂಮು ಕೇಳುತ್ತದೆ, ದಾರಿ ತಪ್ಪುತ್ತದೆ, ಬಾಗಿಲು ಹಾಕಿದ ಅಂಗಡಿಯ ಮುಂದೆ ನಿಲ್ಲುತ್ತದೆ. ಇದೆಲ್ಲ ಕಲಿಯುತ್ತಿರುವ ಭಾಷೆಯಲ್ಲಿ, ಆ ಊರಿನ ರೂಢಿಯ ಪ್ರಕಾರ ನಡೆಯಬೇಕು.

ಇದು ಹೊಸದಾಗಿ ಹುಟ್ಟಿದ ವಿಚಾರವೇನಲ್ಲ. ಫ್ರೆಂಚ್ ಬೋಧನೆಗೆ ಮೀಸಲಾದ ಫ್ರಾನ್ಸಿನ ಬೆಲ್ಕ್ ಕೇಂದ್ರದಲ್ಲಿ ಫ್ರಾನ್ಸಿಸ್ ದೆಬೀಸೆರ್ ಮತ್ತು ಸಂಗಡಿಗರು 1970ರ ದಶಕದಲ್ಲೇ 'ಸಿಮ್ಯುಲಾಸಿಯೊಂ ಗ್ಲೋಬಾಲ್' ಎಂಬ ಪದ್ಧತಿ ರೂಪಿಸಿದ್ದರು. ಅದರಲ್ಲಿ ಇಡೀ ತರಗತಿ ಒಂದು ಹಳ್ಳಿಯನ್ನೋ ಒಂದು ವಠಾರವನ್ನೋ ಕಲ್ಪಿಸಿಕೊಂಡು ವಾರಗಟ್ಟಲೆ ಅದರೊಳಗೆ ಬದುಕುತ್ತದೆ. ಪ್ರವಾಸ ಅದರ ಚಿಕ್ಕ ರೂಪ. ನಮ್ಮ ವೇಳಾಪಟ್ಟಿಗೆ ಹೊಂದುವುದೂ ಇದೇ.

ಯಾವ ಮಟ್ಟದ ವಿದ್ಯಾರ್ಥಿಗಳಿಗೆ ಆಗುತ್ತದೆ?

ಎ1, ಅಂದರೆ ಯುರೋಪಿನ ಭಾಷಾ ಅಳತೆಯ ಮೊದಲ ಮಟ್ಟದಿಂದಲೇ (ಅದರ ಮೇಲಿನವು ಎ2, ಬಿ1). ಸಂಖ್ಯೆ, ಸಮಯ, ಬೆಲೆ, 'ನನಗೆ ಇದು ಬೇಕು', 'ಎಲ್ಲಿದೆ?' ಇಷ್ಟು ಬಂದರೆ ಬೇಕರಿ, ಟಿಕೆಟ್ ಕೌಂಟರ್, ಹೋಟೆಲ್ ರಿಸೆಪ್ಷನ್ ಮೂರೂ ನಡೆಯುತ್ತವೆ. ಎ2ಗೆ ಭೂತಕಾಲ ಬಂದಿರುತ್ತದೆ; ಪ್ರಯಾಣದ ಡೈರಿ, ಕಳೆದುಹೋದ ಬ್ಯಾಗಿನ ದೂರು ಸೇರಿಸಬಹುದು. ಬಿ1 ಮಟ್ಟದವರು ತಡವಾದ ರೈಲಿಗೆ ಪರಿಹಾರ ಕೇಳಿ ಪತ್ರ ಬರೆಯಬಲ್ಲರು. ಜಪಾನಿಯಲ್ಲಿ ಎನ್5ಗೆ (ಮೊದಲ ಹಂತದ ಪರೀಕ್ಷೆಗೆ) ಓದುತ್ತಿರುವವರಿಗೆ ಕಾಂಜಿ (ಚಿತ್ರಲಿಪಿ) ಕಡಿಮೆ ಎಂದು ಹೆದರಬೇಡಿ, ಜಪಾನಿನ ಸ್ಟೇಷನ್ ಬೋರ್ಡುಗಳಲ್ಲಿ ಹೆಸರು ಹಿರಾಗಾನ ಎಂಬ ಸರಳ ಅಕ್ಷರಗಳಲ್ಲೂ ಇರುತ್ತದೆ.

ಸಿಲಬಸ್ ಮುಗಿಸುವುದೇ ಕಷ್ಟ. ಎಷ್ಟು ಪೀರಿಯಡ್ ಬೇಕು?

40 ನಿಮಿಷದ ಆರು ಪೀರಿಯಡ್, ವಾರಕ್ಕೆ ಎರಡರಂತೆ ಮೂರು ವಾರ. ಮೊದಲನೆಯದರಲ್ಲಿ ತಂಡ ಮತ್ತು ಗುರುತಿನ ಕಾರ್ಡು, ಎರಡನೆಯದರಲ್ಲಿ ಅರ್ಜಿ, ಟಿಕೆಟ್, ಹಣದ ಲೆಕ್ಕ, ಮೂರನೆಯದರಲ್ಲಿ ಊರು ತಲುಪಿ ರೂಮು ಹಿಡಿಯುವುದು. ನಾಲ್ಕು ಮತ್ತು ಐದು ಪೂರ್ತಿ ಭೇಟಿಗಳಿಗೆ, ಅಂದರೆ ಬೇಕರಿ, ಸ್ಟೇಷನ್ ಮುಂತಾದ ಕಡೆ ಊರಿನವರೊಡನೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವುದಕ್ಕೆ. ಆರನೆಯದು ಪ್ರವಾಸದ ಬಗ್ಗೆ ಪೋಸ್ಟ್‌ಕಾರ್ಡು ಬರೆಯುವುದಕ್ಕೆ ಮತ್ತು ಚರ್ಚೆಗೆ.

ಇದನ್ನು ಸಿಲಬಸ್ಸಿನ ಮೇಲೆ ಹೊರಿಸಿದ ಭಾರವೆಂದು ನೋಡಬೇಡಿ. ಪಠ್ಯಪುಸ್ತಕದಲ್ಲಿ ಸಮಯ ಹೇಳುವುದು, ದಾರಿ ಕೇಳುವುದು, ಊಟ ಆರ್ಡರ್ ಮಾಡುವುದು ಹೇಗೂ ಇವೆ. ಆ ಪಾಠಗಳ ಅಭ್ಯಾಸದ ಜಾಗಕ್ಕೆ ಪ್ರವಾಸ ಬರಲಿ. ಸಾಮಾನ್ಯವಾಗಿ ಹಳಿ ತಪ್ಪುವುದು ತಯಾರಿಯಲ್ಲೇ: 'ಎಲ್ಲಿಗೆ ಹೋಗೋಣ' ಎಂಬ ಚರ್ಚೆಗೇ ಎರಡು ಪೀರಿಯಡ್ ಹೋಗುತ್ತದೆ, ಅದೂ ಕನ್ನಡದಲ್ಲಿ. ಶಿಕ್ಷಕರೇ ಎರಡು ಊರು ಮುಂದಿಟ್ಟು ಕೈ ಎತ್ತಿಸಿ ಐದು ನಿಮಿಷದಲ್ಲಿ ತೀರ್ಮಾನಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬರುತ್ತದೋ ಹೇಳಲಾಗದು. ಹಾಗಾಗಿ ಪ್ರತಿ ಪೀರಿಯಡ್ಡೂ ತನ್ನಷ್ಟಕ್ಕೆ ಮುಗಿಯುವಂತಿರಲಿ, ಕೊನೆಯ ಮೂರು ನಿಮಿಷದಲ್ಲಿ ಪ್ರತಿ ತಂಡ 'ನಾವೀಗ ಎಲ್ಲಿದ್ದೇವೆ, ಕೈಯಲ್ಲಿ ಎಷ್ಟು ಹಣ ಇದೆ' ಎಂದು ಎರಡು ಸಾಲು ಬರೆದಿಡಲಿ. ನಾಲ್ಕು ದಿನ ರಜೆ ಬಂದರೂ ಅದೇ ಸಾಲಿನಿಂದ ಮುಂದುವರಿಯಬಹುದು.

ಪ್ಯಾರಿಸ್, ಬರ್ಲಿನ್, ಟೋಕಿಯೊ ಬಿಟ್ಟು ಬೇರೆ ಊರು ಆರಿಸಬಹುದೇ?

ಆರಿಸಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ, ಕನಿಷ್ಠ ಎರಡನೇ ಪ್ರವಾಸಕ್ಕೆ. ಮೊದಲನೆಯದು ರಾಜಧಾನಿಗೇ ಇರಲಿ, ಮಕ್ಕಳಿಗೆ ಹುಮ್ಮಸ್ಸು ಇರುವುದು ಅಲ್ಲೇ. ಫ್ರೆಂಚ್ ತರಗತಿ ಆಮೇಲೆ ಸೆನೆಗಲ್‌ನ ಡಾಕಾರ್‌ಗೆ ಹೋಗಲಿ. ಅಲ್ಲಿನ ಹಣ ಸಿ.ಎಫ್.ಎ. ಫ್ರಾಂಕ್, 1 ಯೂರೊಗೆ 655.957 ಎಂದು ದರ ನಿಗದಿ. ದೊಡ್ಡ ಸಂಖ್ಯೆಗಳನ್ನು ಫ್ರೆಂಚಿನಲ್ಲಿ ಹೇಳಿ ಅಭ್ಯಾಸವಾಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅಲ್ಲಿನ ಮುಖ್ಯ ಊಟ ಮೀನು-ಅನ್ನದ ತ್ಯೆಬುಜೆನ್ 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಒಂದೇ ದೊಡ್ಡ ಬಟ್ಟಲಿನ ಸುತ್ತ ಕೂತು, ಬಲಗೈಯಲ್ಲಿ, ತನ್ನ ಮುಂದಿನ ಪಾಲನ್ನಷ್ಟೇ ಉಣ್ಣುವ ಪದ್ಧತಿ ಅಲ್ಲಿದೆ. ಫ್ರೆಂಚ್ ಮಾತಾಡುವವರೆಲ್ಲ ಫೋರ್ಕು-ಚಾಕು ಹಿಡಿದವರು ಎಂಬ ಭಾವನೆ ಒಂದೇ ಪೀರಿಯಡ್ಡಿನಲ್ಲಿ ಹೋಗುತ್ತದೆ.

ನಿಜವಾಗಿಯೇ ಹೋಗಿಬರುವ ಅವಕಾಶವಿದ್ದರೆ ಪುದುಚೇರಿ ಇದೆ. 1954ರ ನವೆಂಬರ್ 1ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಊರು, ಬೀದಿಯ ಬೋರ್ಡುಗಳಲ್ಲಿ ಇಂದಿಗೂ ಫ್ರೆಂಚ್ ಓದಬಹುದು. ಕಾಲ್ಪನಿಕ ಪ್ರವಾಸ ಮುಗಿಸಿದ ತಂಡಕ್ಕೆ ಅದು ಚೆನ್ನಾಗಿ ಒಗ್ಗುತ್ತದೆ.

ಪ್ರಯಾಣ ಎಲ್ಲಿಂದ ಶುರು ಮಾಡಬೇಕು? ನೇರ ವಿಮಾನ ನಿಲ್ದಾಣದಿಂದಲೇ?

ಮನೆ ಬಾಗಿಲಿನಿಂದ. ಶಿವಮೊಗ್ಗ ಟೌನ್ ಸ್ಟೇಷನ್ನಿನಿಂದ ರೈಲಿನಲ್ಲಿ ಬೆಂಗಳೂರು, ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದಿಂದಲೂ ಹೊರಡಿಸಬಹುದು, ಅಲ್ಲಿಂದ 2023ರ ಆಗಸ್ಟ್ 31ರಂದು ಬೆಂಗಳೂರಿಗೆ ವಿಮಾನ ಹಾರಾಟ ಆರಂಭವಾಯಿತು. ಬೆಂಗಳೂರಿನಿಂದ ಪ್ಯಾರಿಸ್, ಫ್ರಾಂಕ್‌ಫರ್ಟ್, ಟೋಕಿಯೊ ನರಿತಾಗೆ ನೇರ ವಿಮಾನಗಳಿವೆ. ತಿಳಿದ ದಾರಿಯನ್ನು ಹೊಸ ಭಾಷೆಯಲ್ಲಿ ವಿವರಿಸುವುದು ಸುಲಭ, ಧೈರ್ಯ ಬರುವುದು ಅಲ್ಲೇ.

ಗಡಿಯಾರದ ಲೆಕ್ಕವನ್ನು ಬಿಡಬೇಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ, ವರ್ಷವಿಡೀ. ಫ್ರಾನ್ಸ್, ಜರ್ಮನಿ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. 'ಫ್ರಾನ್ಸಿನ ಲಿಯೊಂ ತಲುಪಿ ರಾತ್ರಿ ಊಟವಾದ ಮೇಲೆ ಸಾಗರ ಪಟ್ಟಣದಲ್ಲಿರುವ ಅಮ್ಮನಿಗೆ ಫೋನ್ ಮಾಡಬಹುದೇ?' ಎಂದು ಕೇಳಿ. ಅಲ್ಲಿ ರಾತ್ರಿ 9 ಎಂದರೆ ಇಲ್ಲಿ ನಡುರಾತ್ರಿ ದಾಟಿರುತ್ತದೆ. ಬೋರ್ಡಿನ ಮೇಲಿನ ಹತ್ತು ಲೆಕ್ಕಗಳಿಗಿಂತ ಈ ಒಂದು ಪ್ರಶ್ನೆಗೆ ಹೆಚ್ಚು ಕೈ ಏಳುತ್ತವೆ.

ವೀಸಾ ಅರ್ಜಿ ತುಂಬಿಸುವುದು ಬೇಕೇ? ಬೇಸರದ ಕೆಲಸ ಅಲ್ಲವೇ?

ಬೇಕು, ಆದರೆ ಪೂರ್ತಿ ಅರ್ಜಿ ಬೇಡ. ಹೆಸರು, ಹುಟ್ಟಿದ ದಿನ, ಉದ್ಯೋಗ, ಪ್ರಯಾಣದ ಉದ್ದೇಶ, ಉಳಿಯುವ ವಿಳಾಸ ಎಂದು ಹತ್ತು ಅಂಕಣಗಳ ಒಂದು ಪುಟ ಸಾಕು. ಪ್ರವಾಸಿಗೆ ಆ ದೇಶದ ಮೊದಲ ಮುಖವೇ ಅರ್ಜಿ ಎಂಬುದು ಮಕ್ಕಳಿಗೆ ತಿಳಿಯಬೇಕು. ಷೆಂಗೆನ್ ವೀಸಾದ (ಫ್ರಾನ್ಸ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನಿಜವಾದ ಷರತ್ತುಗಳನ್ನೇ ಹೇಳಿ: ಯಾವುದೇ 180 ದಿನದಲ್ಲಿ 90 ದಿನ ಮೀರಿ ಇರುವಂತಿಲ್ಲ, ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವಿಮೆ ಬೇಕು, ದೊಡ್ಡವರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ.

ವಿದ್ಯಾರ್ಥಿಗಳು ತಮ್ಮ ಹೆಸರಿನಲ್ಲೇ ಹೋಗಬೇಕೇ, ಕಲ್ಪಿತ ಪಾತ್ರವಾಗಿ ಹೋಗಬೇಕೇ?

ಪಾತ್ರವಾಗಿ ಹೋದರೆ ನಾಚಿಕೆ ಕಡಿಮೆ. ಆದರೆ ಪಾತ್ರ ಮಲೆನಾಡಿನದೇ ಆಗಿರಲಿ: ಶಿಕಾರಿಪುರದ ನರ್ಸ್, ಹೊಸನಗರದ ಅಡಿಕೆ ಬೆಳೆಗಾರ, ಭದ್ರಾವತಿಯ ಎಲೆಕ್ಟ್ರಿಷಿಯನ್, ಹೆಗ್ಗೋಡಿನಲ್ಲಿ ನಾಟಕ ಕಲಿತ ಯುವತಿ. ಪ್ರತಿ ಪಾತ್ರಕ್ಕೂ ಪ್ರಯಾಣದ ಒಂದು ಕಾರಣ, ತಿನ್ನದ ಒಂದು ಪದಾರ್ಥ, ಹೆದರುವ ಒಂದು ವಿಷಯ ಇರಬೇಕು. ಈ ಮೂರು ಇದ್ದರೆ ಮುಂದಿನ ಮಾತುಕತೆ ತಾನಾಗಿ ಹುಟ್ಟುತ್ತದೆ. 'ಲಂಡನ್‌ನಲ್ಲಿ ಹುಟ್ಟಿದ ಮಾಡೆಲ್' ತರಹದ ಪಾತ್ರ ಬಿಟ್ಟುಬಿಡಿ. ಅವಳಿಗೆ ಅಲ್ಲಿ ಯಾವುದೂ ಹೊಸದಾಗಿ ಕಾಣುವುದಿಲ್ಲ. ಕಾರ್ಡಿನ ಮೇಲೆ ನಿಜವಾದ ಆಧಾರ್, ಪಾಸ್‌ಪೋರ್ಟ್, ಫೋನ್ ನಂಬರು ಯಾರೂ ಬರೆಯದಂತೆ ನೋಡಿಕೊಳ್ಳಿ.

ಸಂಸ್ಕೃತಿಯ ಪಾಠ ಯಾವಾಗ ಮಾಡಬೇಕು? ಹೊರಡುವ ಮೊದಲೇ ರೂಢಿಗಳನ್ನೆಲ್ಲ ಹೇಳಿಕೊಡಬೇಕೇ?

ಮೊದಲೇ ಹೇಳಬೇಡಿ. ಈ ಪುಟದಲ್ಲಿ ಬೇರೇನನ್ನು ಬಿಟ್ಟರೂ ಈ ಉತ್ತರವನ್ನು ಬಿಡಬಾರದೆಂದು ಕೇಳಿಕೊಳ್ಳುತ್ತೇವೆ.

ಪ್ರತಿ ಭೇಟಿಗೂ ಎರಡು ಚೀಟಿ ಬರೆಯಿರಿ: ಪ್ರವಾಸಿಯ ಚೀಟಿ, ಊರಿನವರ ಚೀಟಿ. ಒಂದು ಎ4 ಹಾಳೆಯಲ್ಲಿ ಎಂಟು ಚೀಟಿ ಆಗುತ್ತದೆ. ಪ್ರವಾಸಿಯ ಚೀಟಿಯಲ್ಲಿ ಆಗಬೇಕಾದ ಕೆಲಸ ಮಾತ್ರ ಇರುತ್ತದೆ: 'ಬೆಳಿಗ್ಗೆ 8 ಗಂಟೆ. ಬೇಕರಿ. ಎರಡು ಬಾಗೆತ್ (ಉದ್ದನೆಯ ಬ್ರೆಡ್ಡು) ಕೊಂಡುಕೊಳ್ಳಿ. ಕೈಯಲ್ಲಿ 10 ಯೂರೊ ನೋಟು.' ಊರಿನವರ ಚೀಟಿಯಲ್ಲಿ ರೂಢಿ ಅಡಗಿರುತ್ತದೆ: 'ನೀವು ಬೇಕರಿಯವರು. ಬಂದವರು ಬೊಂಜೂರ್ (ನಮಸ್ಕಾರ) ಅನ್ನದೆ ನೇರವಾಗಿ ಸಾಮಾನು ಕೇಳಿದರೆ ಕೊಡಬೇಡಿ. ನೀವೇ ಬೊಂಜೂರ್ ಎಂದು ಹೇಳಿ, ಅವರ ಮುಖ ನೋಡುತ್ತ ಕಾಯಿರಿ. ಅವರು ತಿರುಗಿ ಹೇಳಿದ ಮೇಲೆ ನಗುತ್ತ ಮುಂದುವರಿಯಿರಿ.' ಎರಡೂ ಚೀಟಿ ಕಲಿಯುವ ಭಾಷೆಯಲ್ಲಿರಲಿ. ಎ1 ಮಟ್ಟದಲ್ಲಿ ಊರಿನವರ ಚೀಟಿಯ ಸೂಚನೆ ಕನ್ನಡದಲ್ಲಿದ್ದರೂ ನಡೆಯುತ್ತದೆ.

ಈಗ ನೋಡಿ. ಗಾಂಧಿ ಬಜಾರಿನ ದಿನಸಿ ಅಂಗಡಿಯಲ್ಲಿ 'ಅರ್ಧ ಕೆಜಿ ಸಕ್ಕರೆ ಕೊಡಿ' ಎಂದೇ ಮಾತು ಶುರುವಾಗುತ್ತದೆ, ಅದರಲ್ಲಿ ಯಾವ ಅಗೌರವವೂ ಇಲ್ಲ. ಅದೇ ಅಭ್ಯಾಸದಲ್ಲಿ ವಿದ್ಯಾರ್ಥಿ ವ್ಯಾಕರಣ ಸರಿಯಿರುವ ವಾಕ್ಯವನ್ನೇ ಹೇಳುತ್ತಾಳೆ. ಆದರೂ ಬ್ರೆಡ್ಡು ಸಿಗುವುದಿಲ್ಲ. ವಾಕ್ಯ ಸರಿಯಿದ್ದೂ ಕೆಲಸ ಆಗಲಿಲ್ಲ ಎಂಬ ಈ ಕ್ಷಣದಲ್ಲಿ ತರಗತಿಯೆಲ್ಲ ಎಚ್ಚರವಾಗುತ್ತದೆ, 'ಯಾಕೆ?' ಎಂಬ ಪ್ರಶ್ನೆ ಅವರ ಕಡೆಯಿಂದಲೇ ಬರುತ್ತದೆ. ಪಾಠ ಮಾಡಬೇಕಾದದ್ದು ಆಗ.

ಭೇಟಿ ಮುಗಿದ ಮೇಲೆ ಐದು ನಿಮಿಷ, ಕನ್ನಡದಲ್ಲೇ, ಮೂರು ಪ್ರಶ್ನೆ ಕೇಳಿ. ಏನು ನಡೆಯಿತು? ಅವರ ಕಡೆಯಿಂದ ನೋಡಿದರೆ ಅದಕ್ಕೇನು ಅರ್ಥ? ನಮ್ಮಲ್ಲಿ ಇದೇ ಜಾಗದಲ್ಲಿ ಏನು ನಡೆಯುತ್ತದೆ? ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ವಿದೇಶಿ ಭಾಷಾ ಕಲಿಕೆಯ ಮಾನದಂಡಗಳು ಸಂಸ್ಕೃತಿಯನ್ನು ವಸ್ತು, ಆಚರಣೆ, ದೃಷ್ಟಿ ಎಂದು ಮೂರಾಗಿ ನೋಡುತ್ತವೆ. ಬ್ರೆಡ್ಡು ವಸ್ತು. ಒಳಗೆ ಬಂದವರು ಮೊದಲು ವಂದಿಸುವುದು ಆಚರಣೆ. ಅಂಗಡಿ ಎಂದರೆ ಇನ್ನೊಬ್ಬರ ಜಾಗ, ಒಳಗೆ ಬಂದವರು ಮೊದಲು ಆ ಮನುಷ್ಯರನ್ನು ಗುರುತಿಸಬೇಕು ಎಂಬುದು ದೃಷ್ಟಿ. ಪಠ್ಯಪುಸ್ತಕದ ಬಣ್ಣದ ಚೌಕಗಳು ಬಹುತೇಕ ವಸ್ತುವಿನಲ್ಲೇ ನಿಂತುಬಿಡುತ್ತವೆ.

ಎಡವುವ ಜಾಗಗಳು ಮೂರು. ಊರಿನವರ ಪಾತ್ರಕ್ಕೆ ಸ್ನೇಹಿತರೇ ನಿಂತರೆ ಅಯ್ಯೋ ಪಾಪ ಎಂದು ಬಿಟ್ಟುಕೊಡುತ್ತಾರೆ. ಮೊದಲ ಭೇಟಿಯಲ್ಲಿ ಆ ಪಾತ್ರ ಶಿಕ್ಷಕರೇ ಮಾಡಿ ತೋರಿಸಬೇಕು. ಚೀಟಿಯಲ್ಲಿ ಎರಡು ಮೂರು ರೂಢಿ ತುರುಕಿದರೆ ಯಾವುದರಿಂದ ತೊಡಕಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದು ಚೀಟಿಗೆ ಒಂದೇ ರೂಢಿ. ಇನ್ನು ತೊಡಕು ಬಿಡಿಸಲು ಬೇಕಾದ ಮಾತು ಅವರಿಗೆ ಗೊತ್ತಿಲ್ಲದಿದ್ದರೆ ಅದು ಬರೀ ಅವಮಾನವಾಗುತ್ತದೆ. 'ಕ್ಷಮಿಸಿ', 'ಅರ್ಥವಾಗಲಿಲ್ಲ', 'ಇನ್ನೊಮ್ಮೆ ಹೇಳಿ' ಈ ಮೂರನ್ನು ಡ್ರಾಯಿಂಗ್ ಶೀಟಿನಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ನಾಲ್ಕು ನಿಮಿಷದಲ್ಲಿ ಬಿಡಿಸಲಾಗದ ತೊಡಕನ್ನು ನೀವೇ ನಿಲ್ಲಿಸಿ.

ಚೀಟಿಗೆ ಬೇಕಾದ ತೊಡಕುಗಳು ಎಲ್ಲಿ ಸಿಗುತ್ತವೆ?

ದಿನನಿತ್ಯದ ಬದುಕಿನಲ್ಲಿ. ಪ್ಯಾರಿಸ್‌ಗೆ: ಮಂಗಳವಾರ ಲೂವ್ರ್ ಮ್ಯೂಸಿಯಂ ಮುಚ್ಚಿರುತ್ತದೆ, ಸೋಮವಾರ ಓರ್ಸೆ. ಮಧ್ಯಾಹ್ನ 3 ಗಂಟೆಗೆ ಊಟ ಕೇಳಿದರೆ ಹೆಚ್ಚಿನ ರೆಸ್ಟೊರೆಂಟುಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ, ಮತ್ತೆ ತೆರೆಯುವುದು 7ರ ಹೊತ್ತಿಗೆ. 'ನೀರು' ಎಂದಷ್ಟೇ ಕೇಳಿದರೆ ದುಡ್ಡಿನ ಬಾಟಲಿ ಬರಬಹುದು. ಕರಾಫ್ ದೋ ಎಂದು ಕೇಳಿದರೆ ಹೂಜಿಯ ನಲ್ಲಿ ನೀರು ಉಚಿತ.

ಜರ್ಮನಿ ತೊಡಕುಗಳ ಗಣಿ. ಶನಿವಾರ ರಾತ್ರಿ ತಲುಪಿದ ತಂಡಕ್ಕೆ ಭಾನುವಾರ ಸೂಪರ್ ಮಾರ್ಕೆಟ್ ಬಾಗಿಲು ಹಾಕಿರುತ್ತದೆ, ದೊಡ್ಡ ರೈಲ್ವೆ ಸ್ಟೇಷನ್ನಿನೊಳಗಿನ ಅಂಗಡಿಯನ್ನೋ ಪೆಟ್ರೋಲ್ ಬಂಕನ್ನೋ ಹುಡುಕಬೇಕು. ನೀರಿನ ಬಾಟಲಿಯ ಬಿಲ್ಲಿನಲ್ಲಿ 25 ಸೆಂಟ್ ಜಾಸ್ತಿ ಇರುತ್ತದೆ. ಜಗಳ ಆಡಿದ ಮೇಲೆ ತಿಳಿಯುತ್ತದೆ, ಅದು ಠೇವಣಿ, ಖಾಲಿ ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು. ಬರ್ಲಿನ್ ಮೆಟ್ರೊದಲ್ಲಿ ಗೇಟೇ ಇಲ್ಲ. ಟಿಕೆಟ್ ಕೊಂಡರೂ ಮುದ್ರೆ ಒತ್ತುವ ಪೆಟ್ಟಿಗೆಯಲ್ಲಿ ಹಾಕದಿದ್ದರೆ ತಪಾಸಣೆಯಲ್ಲಿ 60 ಯೂರೊ ತೆರಬೇಕು. ಯೂನಿವರ್ಸಿಟಿಯ ಉಪನ್ಯಾಸ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಅದು ಗಲಾಟೆಯಲ್ಲ, ಚಪ್ಪಾಳೆಯ ಬದಲು. ಬಿ1 ತಂಡಕ್ಕೆ ರೈಲು 60 ನಿಮಿಷ ತಡವಾಗಿದೆ ಎಂದು ಚೀಟಿ ಕೊಡಿ: ಯುರೋಪಿಯನ್ ಒಕ್ಕೂಟದ ನಿಯಮದಂತೆ 60 ನಿಮಿಷ ಅಥವಾ ಹೆಚ್ಚು ತಡವಾದರೆ ದರದ ಕಾಲು ಭಾಗ, 120 ನಿಮಿಷ ಅಥವಾ ಹೆಚ್ಚಾದರೆ ಅರ್ಧ ವಾಪಸು ಕೇಳಬಹುದು, ಅರ್ಜಿ ತುಂಬಬೇಕು.

ಜಪಾನಿಗೆ: ಅಂಗಡಿಯವರ ಕೈಗೆ ಹಣ ಚಾಚಬೇಡಿ, ಕೌಂಟರಿನ ಚಿಕ್ಕ ತಟ್ಟೆಯಲ್ಲಿಡಿ. ಟಿಪ್ಸ್ ಬಿಟ್ಟು ಬಂದರೆ ಮರೆತಿರೆಂದು ಹಿಂದೆಯೇ ಓಡಿ ಬರುತ್ತಾರೆ. ಟೋಕಿಯೊದಲ್ಲಿ ಎಸ್ಕಲೇಟರಿನ ಎಡಕ್ಕೆ ನಿಲ್ಲುವ ರೂಢಿ, ಒಸಾಕಾದಲ್ಲಿ ಬಲಕ್ಕೆ. ಟೋಕಿಯೊದಿಂದ ಕ್ಯೋಟೊಗೆ ಹೋಗುವ ಶಿಂಕಾನ್‌ಸೆನ್ ಅತಿವೇಗದ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ ಮೊದಲೇ ಜಾಗ ಕಾದಿರಿಸಬೇಕು; ತರಗತಿಯಲ್ಲಿ ಟೇಪು ಹಿಡಿದು ಯಾರಾದರೊಬ್ಬರ ಟ್ರಂಕು ಅಳೆಸಿ, ಸಂಖ್ಯೆಗಳು ಬಾಯಿಗೆ ಬರುತ್ತವೆ. ಚಪ್ಪಲಿ ಹೊರಗೆ ಬಿಡುವುದು ನಮ್ಮವರಿಗೆ ಹೊಸದಲ್ಲ. ಆದರೆ ಒಳಗೆ ಕೊಟ್ಟ ಸ್ಲಿಪ್ಪರನ್ನು ತತಾಮಿ ಚಾಪೆಯ ಮುಂದೆ ಮತ್ತೆ ಬಿಡಬೇಕು, ಶೌಚಾಲಯಕ್ಕೆ ಬೇರೆಯೇ ಸ್ಲಿಪ್ಪರ್ ಇರುತ್ತದೆ ಎಂಬಲ್ಲಿ ಎಲ್ಲರೂ ಎಡವುತ್ತಾರೆ.

ಹಣದ ಲೆಕ್ಕ ಎಷ್ಟು ನಿಖರವಾಗಿರಬೇಕು?

ಹಣ ಮುಗಿಯುವ ಸಾಧ್ಯತೆ ಇರುವಷ್ಟು. ವಿಮಾನ, ರೂಮು ಬಿಟ್ಟು ನಾಲ್ಕು ದಿನಕ್ಕೆ ತಲಾ 160 ಯೂರೊ ಕೊಟ್ಟು ನೋಡಿ, ಬಿಗಿಯಾಗುತ್ತದೆ, ಆಯ್ಕೆ ಮಾಡಬೇಕಾಗುತ್ತದೆ. ದರಗಳು ನಿಜವಾದವೇ ಇರಲಿ, ಪಕ್ಕದಲ್ಲಿ ತಿಂಗಳು-ವರ್ಷ ಬರೆಯಿರಿ. 2025ರ ಜನವರಿಯಲ್ಲಿ ಪ್ಯಾರಿಸ್ ಮೆಟ್ರೊದ ಒಂದು ಟಿಕೆಟ್ 2.50 ಯೂರೊ ಆಯಿತು, ವಿಮಾನ ನಿಲ್ದಾಣದ ಟಿಕೆಟ್ 13 ಯೂರೊ. ಇಂಥ ದರ ಹೊಸ ವರ್ಷಕ್ಕೆ ಬದಲಾಗುತ್ತಿರುತ್ತದೆ. ಅವರು 2.50 ಬರೆಯುವಾಗ ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ, ಬಿಲ್ಲು ಓದುವಾಗ ಇದು ಗೊಂದಲ ಮಾಡುತ್ತದೆ. ಪ್ರತಿ ತಂಡಕ್ಕೂ ಒಬ್ಬ ಖಜಾಂಚಿ ಇರಲಿ. ಲೆಕ್ಕವೆಲ್ಲ ರೂಪಾಯಿಗೆ ತಿರುಗಿಸುತ್ತ ಕೂತರೆ ಗಣಿತದ ಪೀರಿಯಡ್ ಆಗಿಬಿಡುತ್ತದೆ, ದಿನದ ಕೊನೆಗೆ ಒಮ್ಮೆ ಸಾಕು.

ತರಗತಿಯಲ್ಲಿ 60 ಮಂದಿ ಇದ್ದಾರೆ. ಆಗುತ್ತದೆಯೇ?

ಐದೈದು ಮಂದಿಯ 12 ತಂಡ ಮಾಡಿ. ಆರು ತಂಡ ಊರಿನವರು, ಆರು ತಂಡ ಪ್ರವಾಸಿಗಳು. 16 ನಿಮಿಷಕ್ಕೆ ಅದಲು ಬದಲು. ಗೋಡೆಯ ಉದ್ದಕ್ಕೂ ಬೇಕರಿ, ಸ್ಟೇಷನ್, ರಿಸೆಪ್ಷನ್, ಔಷಧಿ ಅಂಗಡಿ, ಪೊಲೀಸ್ ಠಾಣೆ, ರೆಸ್ಟೊರೆಂಟ್ ಎಂದು ಆರು ಬೆಂಚು ಹಾಕಿಸಿ. ಪ್ರವಾಸಿ ತಂಡಗಳು ನಾಲ್ಕು ನಿಮಿಷಕ್ಕೊಮ್ಮೆ ಮುಂದಿನ ಬೆಂಚಿಗೆ ಹೋಗುತ್ತವೆ, ಒಂದು ಸರದಿಯಲ್ಲಿ ನಾಲ್ಕು ಬೆಂಚು ಆಗುತ್ತದೆ. ಸದ್ದು ಆಗೇ ಆಗುತ್ತದೆ, ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಡಿ. ಐವರಲ್ಲಿ ಇಬ್ಬರೇ ಮಾತಾಡಿ ಉಳಿದವರು ಸುಮ್ಮನಿರುವುದು ಇಲ್ಲಿನ ದೊಡ್ಡ ಕಾಯಿಲೆ. ಪ್ರತಿ ಬೆಂಚಿನಲ್ಲಿ ಮಾತಾಡುವವರು ಬದಲಾಗಬೇಕು, ಮಾತಾಡಿದವರ ಕಾರ್ಡಿಗೆ ಊರಿನವರು ಸಹಿ ಹಾಕಬೇಕು ಎಂದು ನಿಯಮ ಮಾಡಿದರೆ ಸರಿಹೋಗುತ್ತದೆ.

ಎಲ್ಲರೂ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಾರಲ್ಲ?

ಬೆಂಚಿನ ಆಚೆ-ಈಚೆ ನಡೆಯುವ ಮಾತಿಗೆ ಮಾತ್ರ ಕಲಿಯುವ ಭಾಷೆ ಕಡ್ಡಾಯ ಮಾಡಿ. ತಂಡದೊಳಗೆ ಪಿಸುಗುಟ್ಟಿ ತೀರ್ಮಾನಿಸುವುದು ಕನ್ನಡದಲ್ಲಿದ್ದರೆ ತಪ್ಪಿಲ್ಲ. ನಿಜವಾಗಿ ಪರದೇಶಕ್ಕೆ ಹೋದ ಕನ್ನಡಿಗರ ಗುಂಪೂ ಹಾಗೇ ಮಾಡುತ್ತದೆ. ಮೂರು ಪ್ರಶ್ನೆಗಳ ಚರ್ಚೆಯಂತೂ ಕನ್ನಡದಲ್ಲೇ ಆಗಲಿ. ಎ1 ಮಟ್ಟದ ಫ್ರೆಂಚಿನಲ್ಲಿ 'ಅವರಿಗೆ ಹಾಗೇಕೆ ಅನಿಸುತ್ತದೆ' ಎಂದು ಚರ್ಚಿಸಲು ಹೋದರೆ 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎನ್ನುವುದರ ಆಚೆ ಮಾತು ಬೆಳೆಯುವುದಿಲ್ಲ.

ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟರೆ?

ತೀರ್ಥಹಳ್ಳಿ, ಹೊಸನಗರ ಕಡೆ ಮಳೆಗಾಲದಲ್ಲಿ ಅದನ್ನು ಲೆಕ್ಕಕ್ಕಿಟ್ಟೇ ತಯಾರಾಗಬೇಕು. ಪ್ರತಿ ತಂಡಕ್ಕೆ ನಾಲ್ಕು ಪುಟ ಜೆರಾಕ್ಸ್: ಊರಿನ ನಕ್ಷೆ, ಮೆಟ್ರೊ ಅಥವಾ ರೈಲಿನ ವೇಳಾಪಟ್ಟಿ, ಮೆನು, ಅಂಗಡಿಗಳ ಸಮಯಪಟ್ಟಿ. 12 ತಂಡಕ್ಕೆ 48 ಪುಟ. ಪ್ಲಾಸ್ಟಿಕ್ ಹಾಳೆಯೊಳಗಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ, ಹಾಗೇ ಬಿಟ್ಟರೆ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನೆಟ್ ಇರುವ ದಿನ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಸ್ಟೇಷನ್ನಿನಿಂದ ಹೋಟೆಲ್‌ವರೆಗೆ ಒಂದು ರಸ್ತೆ ನಡೆಸಿ, ಹತ್ತು ನಿಮಿಷ ಮಾತ್ರ. 'ಬೋರ್ಡಿನಲ್ಲಿ ಏನಿದೆ ಓದಿ' ಎಂಬ ಕೆಲಸ ಕೊಡದಿದ್ದರೆ ಅದೂ ವಿಡಿಯೊ ಆಗಿಬಿಡುತ್ತದೆ.

ಕಣ್ಣು ಮುಚ್ಚಿಸಿ, ಮೆಲ್ಲಗೆ ಓದಿ ಕಲ್ಪನೆ ಮಾಡಿಸುವ ವಿಧಾನ ಉಪಯೋಗವೇ?

ಕೇಳಿ ಅರ್ಥ ಮಾಡಿಕೊಳ್ಳುವ ಅಭ್ಯಾಸಕ್ಕೆ ಒಳ್ಳೆಯದು, ಮೂರು ನಿಮಿಷ ಮೀರದಿದ್ದರೆ. ಗೊತ್ತಿರುವ ಪದಗಳ 12ರಿಂದ 15 ಸಣ್ಣ ವಾಕ್ಯ ಸಾಕು, ಸಾಲು ಸಾಲಿಗೆ ನಾಲ್ಕು ಸೆಕೆಂಡ್ ಬಿಡುವು. ನೋಟಕ್ಕಿಂತ ಸದ್ದು, ವಾಸನೆ, ಚಳಿ ಹೇಳಿ. ಕಣ್ಣು ಮುಚ್ಚಲು ಒಪ್ಪದವರನ್ನು ಒತ್ತಾಯಿಸಬೇಡಿ, ಮೇಜು ನೋಡುತ್ತ ಕೇಳಲಿ.

ಮಾಂಸ, ಮದ್ಯದ ವಿಷಯ ಬಂದರೆ ಪೋಷಕರು ಆಕ್ಷೇಪಿಸುತ್ತಾರೆ. ಏನು ಮಾಡಬೇಕು?

ಮದ್ಯವನ್ನು ಶಾಲಾ ಪ್ರವಾಸದಿಂದ ಬಿಟ್ಟುಬಿಡಿ, ಕಲಿಕೆಗೆ ನಷ್ಟವಿಲ್ಲ. ಮಾಂಸದ ವಿಷಯ ಹಾಗಲ್ಲ. ತಾನು ಏನು ತಿನ್ನುವುದಿಲ್ಲ ಎಂದು ವಿನಯವಾಗಿ, ಸ್ಪಷ್ಟವಾಗಿ ಹೇಳುವುದು ಪ್ರವಾಸಿಗೆ ಅತ್ಯಂತ ಅಗತ್ಯದ ಮಾತು. ಜಪಾನಿಯಲ್ಲಿ 'ನಿಕು ತೊ ಸಕಾನ ವಾ ತಾಬೆಮಾಸೆನ್' ಎಂದರೆ ಮಾಂಸ, ಮೀನು ತಿನ್ನುವುದಿಲ್ಲ ಎಂದಾಯಿತು. ಆದರೆ ತರಕಾರಿ ಮಾತ್ರ ಕಾಣುವ ಸಾರಿನಲ್ಲೂ ದಾಶಿ ಇರಬಹುದು. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ತೆಗೆಯುತ್ತಾರೆ. 'ಇದರಲ್ಲಿ ದಾಶಿ ಇದೆಯೇ?' ಎಂಬ ಎರಡನೇ ಪ್ರಶ್ನೆಯನ್ನು ಕಲಿಸದೆ ಬಿಟ್ಟರೆ ಸಸ್ಯಾಹಾರಿ ವಿದ್ಯಾರ್ಥಿಗೆ ಅರ್ಧ ಪಾಠ ಮಾತ್ರ ಆಗಿರುತ್ತದೆ. ಮಾಂಸ ತಿನ್ನುವ ಮನೆಯ ಮಕ್ಕಳಿಗೂ ಅಷ್ಟೇ ಸಹಜವಾಗಿ ಆರ್ಡರ್ ಮಾಡುವ ಅವಕಾಶವಿರಲಿ, ಯಾರ ತಟ್ಟೆಯ ಬಗ್ಗೆಯೂ ತರಗತಿಯಲ್ಲಿ ಟೀಕೆ ಬೇಡ.

'ಫ್ರೆಂಚರೆಲ್ಲ ಹೀಗೆ, ಜರ್ಮನ್ನರೆಲ್ಲ ಹಾಗೆ' ಎಂಬ ಅಚ್ಚು ಮೂಡದಂತೆ ತಡೆಯುವುದು ಹೇಗೆ?

ಒಂದೇ ಭೇಟಿಗೆ ಎರಡು ಬಗೆಯ ಊರಿನವರನ್ನು ಬರೆಯಿರಿ. ರೂಢಿಯನ್ನು ಬಿಗಿಯಾಗಿ ಹಿಡಿದ ವಯಸ್ಸಾದ ಅಂಗಡಿಯವರು ಒಂದು ಬೆಂಚಿನಲ್ಲಿ, ಅದನ್ನು ಲೆಕ್ಕಿಸದ ಕಾಲೇಜು ಹುಡುಗ ಇನ್ನೊಂದರಲ್ಲಿ. ಅಲ್ಜೀರಿಯಾ ಮೂಲದ ಲಿಯೊಂ ನಿವಾಸಿ, ಟರ್ಕಿ ಮೂಲದ ಬರ್ಲಿನ್ ಡ್ರೈವರ್ ಕೂಡ ಊರಿನವರೇ. ಚರ್ಚೆಯಲ್ಲಿ ಯಾರಾದರೂ 'ಎಲ್ಲರೂ' ಎಂದರೆ 'ಆ ಬೇಕರಿಯಲ್ಲಿ' ಎಂದು ತಿದ್ದಿಸಿ. ಮಲೆನಾಡಿನವರೆಲ್ಲ ಅಡಿಕೆ ತೋಟದ ಯಜಮಾನರು ಎಂದು ಹೊರಗಿನವರು ಬರೆದರೆ ಶಿವಮೊಗ್ಗದ ಮಕ್ಕಳು ಒಪ್ಪುವುದಿಲ್ಲ. ಆ ಉದಾಹರಣೆ ಕೊಟ್ಟರೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೊಬೈಲಿನ ಅನುವಾದ ಆ್ಯಪ್ ಬಳಸಬಹುದೇ?

ತಯಾರಿಯಲ್ಲಿ ಬಳಸಲಿ, ಭೇಟಿಯಲ್ಲಿ ಬೇಡ. ಆ್ಯಪು ಪದ ಕೊಡುತ್ತದೆ. ಔಷಧಿ ಅಂಗಡಿಯ ಹಿರಿಯರೊಡನೆ ತ್ಯು (ನೀನು) ಅನ್ನಬೇಕೋ ವು (ನೀವು) ಅನ್ನಬೇಕೋ ಎಂದು ಎದುರಿನವರ ಮುಖ ನೋಡಿ ತೀರ್ಮಾನಿಸುವುದು ವಿದ್ಯಾರ್ಥಿಯೇ.

ಅಂಕ ಹೇಗೆ ಕೊಡುವುದು?

20 ಅಂಕದಲ್ಲಿ 8 ಕೆಲಸ ಆಯಿತೇ ಎಂಬುದಕ್ಕೆ, 4 ಭಾಷೆಯ ಶುದ್ಧತೆಗೆ, 8 ಪೋಸ್ಟ್‌ಕಾರ್ಡು ಮತ್ತು ಮೂರು ಪ್ರಶ್ನೆಗಳ ಲಿಖಿತ ಉತ್ತರಕ್ಕೆ. ತೊಡಕಿಗೆ ಸಿಕ್ಕಿಬಿದ್ದದ್ದಕ್ಕೆ ಅಂಕ ಕಡಿಯಬಾರದು, ಸಿಕ್ಕಿಬೀಳಲೆಂದೇ ಚೀಟಿ ಬರೆದಿದ್ದೀರಿ. ಉತ್ತರದಲ್ಲಿ 'ಅವರು ವಿಚಿತ್ರ' ಎಂದಷ್ಟೇ ಇದ್ದರೆ ಹಾಳೆ ವಾಪಸು ಕೊಟ್ಟು, ಎರಡನೇ ಪ್ರಶ್ನೆಗೆ ಮತ್ತೊಮ್ಮೆ ಬರೆಸಿ.

ವಾಪಸು ಪ್ರವಾಸ ಎಂದು ಕೆಲವರು ಮಾಡಿಸುತ್ತಾರೆ. ಅದೇನು?

ಈಗ ಪರದೇಶದವರು ಇಲ್ಲಿಗೆ ಬರುತ್ತಾರೆ. ಒಸಾಕಾದಿಂದಲೋ ಲಿಯೊಂನಿಂದಲೋ ಬಂದ ಅತಿಥಿಗೆ ಮೂರು ದಿನದ ಕಾರ್ಯಕ್ರಮವನ್ನು ವಿದ್ಯಾರ್ಥಿಗಳು ಆ ಭಾಷೆಯಲ್ಲಿ ತಯಾರಿಸಬೇಕು. ಜೋಗ, ಕುಪ್ಪಳಿಯ ಕವಿಮನೆ, ಸಕ್ರೆಬೈಲು ಆನೆ ಬಿಡಾರ, ಇಕ್ಕೇರಿ ದೇವಸ್ಥಾನ. ಅತಿಥಿ ಮಾರ್ಚ್‌ನಲ್ಲಿ ಬಂದರೆ ಜೋಗದಲ್ಲಿ ನೀರು ಎಷ್ಟಿರುತ್ತದೆ, ಆಗಸ್ಟ್‌ನಲ್ಲಿ ಬಂದರೆ ಆಗುಂಬೆಯಲ್ಲಿ ಸೂರ್ಯಾಸ್ತ ಕಾಣುತ್ತದೆಯೇ ಎಂದು 'ಒಂದು ವೇಳೆ' ವಾಕ್ಯಗಳನ್ನು ಹೇಳಿಸಿ. 253 ಮೀಟರಿನ ಜೋಗವನ್ನು 330 ಮೀಟರಿನ ಐಫೆಲ್ ಗೋಪುರದೊಡನೆ ಹೋಲಿಸಿದರೆ ತರ-ತಮ ವಾಕ್ಯ ಆಯಿತು. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗಬೇಕೆಂದಿರುತ್ತದೆ, 2025ರ ಜುಲೈನಲ್ಲಿ ಸೇತುವೆ ತೆರೆದಿದೆ. ಆ ಪುಟವನ್ನು ತಿದ್ದಿ ಬರೆಯುವುದು ಎ2 ತಂಡಕ್ಕೆ ಒಳ್ಳೆಯ ಕೆಲಸ.

ಇಲ್ಲೂ ಎರಡು ಚೀಟಿ. ಅತಿಥಿಯ ಚೀಟಿಯಲ್ಲಿ ಅವರ ರೂಢಿ, ಮನೆಯವರ ಚೀಟಿಯಲ್ಲಿ ನಮ್ಮದು. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುತ್ತಾರೆ. ಬೆಲ್ಲ ಕಚ್ಚಬೇಕೋ ನೀರಿಗೆ ಹಾಕಬೇಕೋ ಅತಿಥಿಗೆ ತಿಳಿಯದು. ದಾರಿಯಲ್ಲಿ ಸಿಕ್ಕವರು 'ಊಟ ಆಯ್ತಾ?' ಎಂದರೆ ಊಟಕ್ಕೆ ಕರೆದರೆಂದು ಹಿಂದೆಯೇ ಹೊರಡುತ್ತಾರೆ. ಒಮ್ಮೆ 'ಬೇಡ' ಅಂದರೂ ಕಡುಬು ಬಡಿಸುತ್ತಾರೆ, ಅತಿಥಿಗೆ ತನ್ನ ಮಾತು ಕೇಳಿಸಲಿಲ್ಲವೇನೋ ಅನಿಸುತ್ತದೆ. 'ಯಾಕೆ ಹಾಗೆ ಮಾಡುತ್ತೀರಿ?' ಎಂದು ಅತಿಥಿ ಕೇಳಿದಾಗ ಮಕ್ಕಳ ಮಾತು ಕಟ್ಟಿಹೋಗುತ್ತದೆ, ಫ್ರೆಂಚ್ ಬಾರದ್ದಕ್ಕಲ್ಲ, ಕನ್ನಡದಲ್ಲೂ ಎಂದೂ ಯೋಚಿಸದ್ದಕ್ಕೆ. ಮನೆಗೆ ಹೋಗಿ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಬರಲು ಹೇಳಿ, ಮರುದಿನ ಉತ್ತರ ಹೇಳಿಸಿ. ಸಮಯ ಸಾಲದಿದ್ದರೆ ಮೊದಲ ಪ್ರವಾಸವನ್ನು ಒಂದು ಪೀರಿಯಡ್ ಮೊಟಕು ಮಾಡಿಯಾದರೂ ಈ ಭಾಗವನ್ನು ಉಳಿಸಿಕೊಳ್ಳಿ.

ಮುಂದಿನ ವರ್ಷ ಮತ್ತೆ ಮೊದಲಿನಿಂದ ತಯಾರಿ ಮಾಡಬೇಕೇ?

ಬೇಕಿಲ್ಲ. ಊರಿಗೊಂದು ಲಕೋಟೆ ಇಟ್ಟು, ಚೀಟಿಗಳನ್ನು ಜೋಡಿಜೋಡಿಯಾಗಿ ಪಿನ್ ಮಾಡಿ ಹಾಕಿಡಿ. ಯಾವ ತೊಡಕಿಗೆ ಚರ್ಚೆ ಚೆನ್ನಾಗಿ ಬೆಳೆಯಿತು, ಯಾವುದು ಸಪ್ಪೆಯಾಯಿತು ಎಂದು ಲಕೋಟೆಯ ಮೇಲೆಯೇ ಬರೆಯಿರಿ. ಹೊಸ ಬ್ಯಾಚಿಗೆ ಕೊಡುವ ಮೊದಲು ಟಿಕೆಟ್ ದರ, ಮ್ಯೂಸಿಯಂ ರಜೆಯ ದಿನ, ವೀಸಾ ಶುಲ್ಕ ಈ ಮೂರನ್ನು ಆಯಾ ಸಂಸ್ಥೆಯ ಅಧಿಕೃತ ವೆಬ್‌ಸೈಟಿನಲ್ಲಿ ನೋಡಿ ತಿದ್ದಿಕೊಳ್ಳಿ.